ಮನೆ ವೈರಿಂಗ್‌ಗೆ ರೇಟು ಹೇಳುವುದು: ಕಟ್ಟಡ ಕೆಲಸ ತಣ್ಣಗಿರುವಾಗ ನಾನು ಹಾಕುವ ಲೆಕ್ಕ

ವಿಜಯಪುರದ ಕಡೆ ಮನೆ ವೈರಿಂಗ್ ಮಾತು ಬಂದರೆ ಮೊದಲ ಪ್ರಶ್ನೆಯೇ "ಪಾಯಿಂಟಿಗೆ ಎಷ್ಟ್ರೀ?" ಕೆಲಸ ಕಡಿಮೆ ಇರುವ ವರ್ಷದಲ್ಲಿ ಇದಕ್ಕೆ ನಿಂತಲ್ಲೇ ಉತ್ತರ ಕೊಟ್ಟರೆ ನಷ್ಟ ಖಚಿತ. ಒಂದು ಲೈಟು, ಫ್ಯಾನು ಅಥವಾ ಸಾಕೆಟ್ಟಿನ ವೈರಿಂಗೇ ಒಂದು ಪಾಯಿಂಟ್, ಅದರ ರೇಟು ಲೆಕ್ಕದ ಕೊನೆಗೆ ಬರಬೇಕಾದ ಅಂಕಿ. ಅದನ್ನು ಪಕ್ಕದ ಓಣಿಯ ರೇಟಿನಿಂದ ಎತ್ತಿಕೊಂಡು ಹತ್ತಿಪ್ಪತ್ತು ರೂಪಾಯಿ ಇಳಿಸಿ ಹೇಳಿದರೆ, ಏನನ್ನು ಬಿಟ್ಟುಕೊಟ್ಟೆವು ಎಂಬುದು ಹೇಳಿದವನಿಗೇ ಗೊತ್ತಿರುವುದಿಲ್ಲ.

ನಾನು ಶುರು ಮಾಡುವುದು ಖಾಯಂ ಖರ್ಚಿನಿಂದ. ಗಾಡಿ ಪೆಟ್ರೋಲ್, ಫೋನು, ಸಾಮಾನು ಇಡುವ ಖೋಲಿಯ ಬಾಡಿಗೆ, ಡ್ರಿಲ್ ಮತ್ತು ಕಟಿಂಗ್ ಮಷೀನ್ ರಿಪೇರಿ, ಲೈಸನ್ಸ್ ನವೀಕರಣ. ಎಲ್ಲ ಸೇರಿ ತಿಂಗಳಿಗೆ 15,000 ರೂಪಾಯಿ ಅಂತ ಇಟ್ಟುಕೊಳ್ಳಿ. ಮುಂದಿನ ಅಂಕಿಗಳೂ ಲೆಕ್ಕ ತೋರಿಸಲು ಮಾತ್ರ, ನಿಮ್ಮ ಊರಿನ ಪಗಾರ ನೀವು ಹಾಕಿಕೊಳ್ಳಿ. ತಿಂಗಳಿಗೆ 24 ದಿನ ಕೆಲಸ ಇದ್ದರೆ ದಿನಕ್ಕೆ 625 ಬೀಳುತ್ತದೆ. 14 ದಿನಕ್ಕಿಳಿದರೆ 1,071. ಅಂದರೆ ಮಾಲಕರು ರೇಟು ಇಳಿಸಿ ಎನ್ನುವ ಹೊತ್ತಿನಲ್ಲೇ ನಮ್ಮ ದಿನದ ಖರ್ಚು ಏರಿರುತ್ತದೆ. ಆಷಾಢ, ಪಿತೃಪಕ್ಷದ ಖಾಲಿ ದಿನಗಳನ್ನೆಲ್ಲ ಸಿಕ್ಕ ಒಂದೇ ಮನೆಯ ಮೇಲೆ ಹೇರಿದರೆ ಆ ಕೆಲಸವೂ ಕೈತಪ್ಪುತ್ತದೆ. ಅದಕ್ಕೇ ವರ್ಷದ ಲೆಕ್ಕ ಹಿಡಿಯುತ್ತೇನೆ: 1,80,000 ರೂಪಾಯಿ, ಮಂದಗತಿ ಸೇರಿಸಿ 200 ಕೆಲಸದ ದಿನ, ದಿನಕ್ಕೆ 900. ಎಷ್ಟೇ ಚೌಕಾಸಿ ನಡೆದರೂ ಈ 900ಕ್ಕೆ ಕೈ ಹಚ್ಚುವುದಿಲ್ಲ.

ಈಗ 30x40 ಸೈಟಿನಲ್ಲಿ ಸುಮಾರು 900 ಚದರಡಿಯ ಎರಡು ಬೆಡ್‌ರೂಮಿನ ಮನೆ ತೆಗೆದುಕೊಳ್ಳೋಣ, 68 ಪಾಯಿಂಟ್, ಇಟ್ಟಂಗಿ ಗೋಡೆ. ಒಬ್ಬ ಮಿಸ್ತ್ರಿ, ಒಬ್ಬ ಹೆಲ್ಪರ್ ಜೋಡಿಗೆ ಸ್ಲ್ಯಾಬ್ ಪೈಪಿಂಗ್ 1 ದಿನ, ಗೋಡೆ ಕಟಿಂಗ್, ಪೈಪು, ಬಾಕ್ಸ್ 6 ದಿನ, ತಂತಿ ಎಳೆಯಲು 3, ಸ್ವಿಚ್ಚು, ಡಿಬಿ (ಮನೆಯ ಸರ್ಕ್ಯೂಟುಗಳೆಲ್ಲ ಕವಲೊಡೆಯುವ ಡಿಸ್ಟ್ರಿಬ್ಯೂಷನ್ ಬೋರ್ಡ್) ಫಿಟಿಂಗ್‌ಗೆ 3. ಒಟ್ಟು 13 ದಿನ. ಇಬ್ಬರ ದಿನದ ಪಗಾರ 1,600 ಅಂದರೆ 20,800. ಖಾಯಂ ಖರ್ಚು 11,700. ಬ್ಲೇಡು, ಟೇಪು, ಮೊಳೆ, ಸೊಲ್ಯೂಷನ್‌ಗೆ 2,000. ಮೊತ್ತ 34,500, ಶೇಕಡಾ 12 ಲಾಭ ಸೇರಿದರೆ 38,640. ಇದನ್ನು 68ರಿಂದ ಭಾಗಿಸಿದರೆ ಪಾಯಿಂಟಿಗೆ 568 ರೂಪಾಯಿ.

ಅದೇ ನಕ್ಷೆಯ ಮನೆ ಬಾಗಲಕೋಟೆ ಕಡೆ ಕಲ್ಲಿನ ಗೋಡೆಯಲ್ಲಿ ಎದ್ದಿದ್ದರೆ? ಗೋಡೆ ಕೆಲಸಕ್ಕೆ 3 ದಿನ ಹೆಚ್ಚು ಹಿಡಿಯುತ್ತದೆ. ಪಗಾರ 1,600, ಖಾಯಂ ಖರ್ಚು 900 ಸೇರಿ ದಿನಕ್ಕೆ 2,500ರಂತೆ 7,500, ಲಾಭ ಸೇರಿ 8,400. ಪಾಯಿಂಟ್ 692ಕ್ಕೆ ಹೋಯಿತು, ಸವೆಯುವ ಬ್ಲೇಡು ಬೇರೆ. ನಕ್ಷೆಯಲ್ಲಿ ಗೋಡೆ ಬರೀ ಎರಡು ಗೆರೆ, ಅದು ಇಟ್ಟಂಗಿಯೋ ಕಲ್ಲೋ ಸಾಲಿಡ್ ಬ್ಲಾಕೋ ಅಂತ ಸೈಟಿಗೆ ಹೋಗಿ ನೋಡದೆ ರೇಟು ಹೇಳಬಾರದು. ಕಲ್ಲಿನ ಗೋಡೆಯಾದರೆ ಕಟ್ಟುವಾಗಲೇ ಗವಂಡಿಯ ಜೊತೆ ಕೂತು ಪೈಪು, ಬಾಕ್ಸು ಕೂರಿಸುವುದು ಅಗ್ಗ. ಬೆಳಗಾವಿಯ ಕೆಂಪು ಜಂಬಿಟ್ಟಿಗೆ ಕಟಿಂಗ್ ಮಷೀನಿಗೆ ಒಗ್ಗುತ್ತದೆ, ಅಂಚು ಮಾತ್ರ ಉದುರುತ್ತದೆ. ಬಾಕ್ಸ್ ಸುತ್ತ ಸಿಮೆಂಟ್ ತುಂಬುವ ಕೆಲಸ ಯಾರದ್ದು ಎಂದು ಬರೆದಿಡಿ.

ತಂತಿಯ ಲೆಕ್ಕ ಅಂದಾಜಿಗೆ ಬಿಡುವುದಿಲ್ಲ. ಸ್ವಿಚ್ ಬೋರ್ಡ್ 1.2 ಮೀಟರ್ ಎತ್ತರ, ಸ್ಲ್ಯಾಬ್ 3 ಮೀಟರ್. ಏರಲು 1.8, ಸ್ಲ್ಯಾಬಿನೊಳಗೆ ಫ್ಯಾನ್ ಬಾಕ್ಸ್‌ವರೆಗೆ 3, ಎರಡೂ ತುದಿಗೆ ಬಿಡುವ ಬಾಲ ಸೇರಿ ಅರ್ಧ ಮೀಟರ್, ಒಟ್ಟು 5.3 ಮೀಟರ್. ಫೇಸ್ (ಕರೆಂಟು ಬರುವ ತಂತಿ), ನ್ಯೂಟ್ರಲ್ (ಮರಳುವ ತಂತಿ) ಎರಡಕ್ಕೂ 10.6. 90 ಮೀಟರಿನ ಕಾಯಿಲ್‌ನಲ್ಲಿ ಇಂಥ ಎಂಟು ಪಾಯಿಂಟ್ ಆಗುತ್ತವೆ, ಒಂಬತ್ತನೆಯದಕ್ಕೆ ಸಾಲುವುದಿಲ್ಲ. ಫ್ಯಾನಿನ ಹಸಿರು ಅರ್ತ್ ತಂತಿ ಬೇರೆ ಕಾಯಿಲ್. ಡಿಬಿಯಿಂದ ಬೋರ್ಡಿಗೆ ಬರುವ ಫೀಡ್‌ನ ಉದ್ದ ಹೆಜ್ಜೆ ಹಾಕಿ ಅಳೆದರೆ ಸಾಲದು, ಪೈಪು ತಿರುಗುವ ದಾರಿಯಲ್ಲೇ ಟೇಪ್ ಹಿಡಿಯಬೇಕು. ತಂತಿಯ ದಪ್ಪ ಲೈಟು, ಫ್ಯಾನಿಗೆ 1.5, 16 ಆಂಪ್ ಸಾಕೆಟ್ ಮತ್ತು ಗೀಸರಿಗೆ 2.5, ಎಸಿಗೆ 4 ಚದರ ಎಂಎಂ. 20 ಎಂಎಂ ಪೈಪಿನಲ್ಲಿ 2.5ರ ಐದು ತಂತಿ ದಾಟಿದರೆ ನಾನು 25ಕ್ಕೆ ಹೋಗುತ್ತೇನೆ. ಪೈಪಿನಲ್ಲಿ ಉಳಿಸಿದ್ದಕ್ಕಿಂತ ಜಾಸ್ತಿ ಎಳೆಯುವ ದಿನಗೂಲಿಯಲ್ಲಿ ಹೋಗುತ್ತದೆ, ಮೇಲೆ ಇನ್ಸುಲೇಷನ್ ಕಿತ್ತುಬರುತ್ತದೆ.

ಎರಡು ಕಡೆಯಿಂದ ಒಂದೇ ಲೈಟು ಹಚ್ಚುವ ಟೂ-ವೇ ಸ್ವಿಚ್ ಎರಡು ಪಾಯಿಂಟ್ ಎಂದು, 16 ಆಂಪ್ ಬೇರೆ ರೇಟಿನಲ್ಲಿ, ಮೇನ್ ಲೈನು, ಡಿಬಿ, ಅರ್ತಿಂಗ್, ಸಂಪ್ ಮೋಟರ್ ಲೈನು ಪಾಯಿಂಟಿನ ಹೊರಗೆ ಎಂದು ಕೊಟೇಶನ್‌ನ ಮೊದಲ ಪುಟದಲ್ಲೇ ಬರೆಯುತ್ತೇನೆ. ಜಗಳ ಹುಟ್ಟುವ ಜಾಗ ಇವೇ.

ಅರ್ತಿಂಗ್‌ಗೆ ಒಟ್ಟು ರೇಟು ಹೇಳುವುದು ನಮ್ಮ ಭಾಗದಲ್ಲಿ ಅಪಾಯ. ಮೇಲೆ ಎರೆ ಮಣ್ಣು ಕಂಡರೂ ಮೂರ್ನಾಲ್ಕು ಅಡಿಗೆ ಗರಸು, ಅದರ ಕೆಳಗೆ ಬಂಡೆ ಸಿಗಬಹುದು. ಎರಡೂವರೆ ಮೀಟರ್ ಜಿಐ ಪೈಪ್ ಇಳಿಸಲು ಬ್ರೇಕರ್ ತರಬೇಕಾದರೆ ಆ ಬಾಡಿಗೆ ಮಾಲಕರದ್ದು ಎಂದು ಮೊದಲೇ ಒಪ್ಪಿಸಿಕೊಳ್ಳಬೇಕು. ಎರೆ ಮಣ್ಣು ಮಳೆಗಾಲದಲ್ಲಿ ಚೆಂದದ ರೀಡಿಂಗ್ ಕೊಡುತ್ತದೆ, ಏಪ್ರಿಲ್‌ನಲ್ಲಿ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ. ನೀರು ಹಾಕುವ ಗುಂಡಿಗೆ ಮುಚ್ಚಳ ಇಟ್ಟು, ಬೇಸಿಗೆಯಲ್ಲಿ ನೀರು ಹಾಕಬೇಕೆಂದು ಮನೆಯವರಿಗೆ ಹೇಳಿ ಬನ್ನಿ. ಇದೇ ಮಣ್ಣು ಉಬ್ಬಿ ಇಳಿದು ನೆಲದೊಳಗಿನ ಪಿವಿಸಿ ಪೈಪಿನ ಜಾಯಿಂಟ್ ಎಳೆದು ಬಿಡಿಸುತ್ತದೆ. ಸಂಪಿಗೆ, ಗೇಟಿಗೆ ಹೋಗುವ ಲೈನಿಗೆ ನಡುವೆ ಜಾಯಿಂಟ್ ಇಲ್ಲದ ಎಚ್‌ಡಿಪಿಇ ಪೈಪನ್ನು ಸ್ವಲ್ಪ ಸಡಿಲ ಬಿಟ್ಟು ಹಾಕುವುದೇ ಸರಿ.

ಪಕ್ಕದವನ ಕೊಟೇಶನ್ ನನ್ನದಕ್ಕಿಂತ ತೀರಾ ಕಡಿಮೆ ಇದ್ದಾಗ ಮೊದಲು ನೋಡುವುದು ನ್ಯೂಟ್ರಲ್. ಇಡೀ ಮನೆಗೆ ಒಂದೇ ನ್ಯೂಟ್ರಲ್ ಸುತ್ತಿಸಿದರೆ ತಂತಿ, ಸಮಯ ಎರಡೂ ಉಳಿಯುತ್ತವೆ. ಆದರೆ ಆರ್‌ಸಿಸಿಬಿ ಹೋದ ಕರೆಂಟನ್ನೂ ಮರಳಿ ಬಂದ ಕರೆಂಟನ್ನೂ ಹೋಲಿಸಿ ನೋಡುವ ಸಾಧನ. ಇನ್ವರ್ಟರ್ ಲೈನಿನ ನ್ಯೂಟ್ರಲ್ ಬೇರೆ ದಾರಿಯಿಂದ ಮರಳಿದರೆ ಅದು ಸೋರಿಕೆ ಎಂದೇ ತಿಳಿದು ಟ್ರಿಪ್ ಆಗುತ್ತದೆ. ಬಳಿಕ ಯಾರೋ ಬಂದು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ ಹೋಗುತ್ತಾರೆ, ಶಾಕ್‌ನಿಂದ ಕಾಯುವ 30 ಮಿಲಿ ಆಂಪ್‌ನ ರಕ್ಷಣೆ ಅಲ್ಲಿಗೆ ಮುಗಿಯಿತು. ನನ್ನ ಕೊಟೇಶನ್‌ನಲ್ಲಿ "ಪ್ರತಿ ಸರ್ಕ್ಯೂಟಿಗೆ ಬೇರೆ ನ್ಯೂಟ್ರಲ್, ಇನ್ವರ್ಟರ್‌ಗೆ ಬೇರೆ ನ್ಯೂಟ್ರಲ್ ಬಾರ್" ಎಂಬ ಸಾಲು ಇರುತ್ತದೆ. ಮಾಲಕರು ಅದೇ ಸಾಲನ್ನು ಇನ್ನೊಬ್ಬನ ಮುಂದಿಟ್ಟು ಕೇಳಿದರೆ ಎಷ್ಟೋ ಸಲ ಅವನ ರೇಟೂ ನನ್ನ ಹತ್ತಿರಕ್ಕೇ ಬರುತ್ತದೆ.

ಹಾಗಿದ್ದರೂ ಮಾಲಕರ ರೊಕ್ಕ ಕಡಿಮೆ ಇರುವುದು ನಿಜ. ಆಗ ರೇಟಿಗಿಂತ ಕೆಲಸದ ಪಟ್ಟಿಯನ್ನು ಕತ್ತರಿಸುವುದು ಲೇಸು. ಡಿಬಿಯನ್ನು ಮನೆಯ ನಡುವೆ, ಅಡಿಗೆ ಮನೆಯ ಹತ್ತಿರ ಇಟ್ಟರೆ ದಪ್ಪ ತಂತಿಯ ಉದ್ದ ಇಳಿಯುತ್ತದೆ. ಎಸಿ ಪಾಯಿಂಟಿಗೆ ಈಗ ಪೈಪು, ಖಾಲಿ ಬಾಕ್ಸು, ಮುಚ್ಚಳ ಮಾತ್ರ, ತಂತಿ ಆಮೇಲೆ. ಮಾಳಿಗೆಯಿಂದ ಮೀಟರ್ ಜಾಗಕ್ಕೆ ಸೋಲಾರಿಗೆಂದು ಒಂದು 25 ಎಂಎಂ ಪೈಪು ಬಿಟ್ಟಿಡಿ. ಪಿಎಂ ಸೂರ್ಯ ಘರ್‌ನಲ್ಲಿ 3 ಕಿಲೋವಾಟಿಗೆ 78,000 ರೂಪಾಯಿವರೆಗೆ ಸಹಾಯಧನ ಇರುವುದರಿಂದ ಆ ಪೈಪು ಒಂದಲ್ಲ ಒಂದು ದಿನ ಕೆಲಸಕ್ಕೆ ಬರುತ್ತದೆ. ಸ್ವಿಚ್ ಬ್ರಾಂಡ್ ಇಳಿಸಬಹುದು, ನಾಳೆ ಬದಲಿಸಬಹುದು. ಗೋಡೆಯೊಳಗೆ ಹೂಳುವ ಪೈಪು, ತಂತಿ, ಅರ್ತಿಂಗ್ ಇಳಿಸುವುದಿಲ್ಲ.

ಮಂದಗತಿಯಲ್ಲಿ ದೊಡ್ಡ ನಷ್ಟ ತರುವುದು ನಡುವೆ ನಿಲ್ಲುವ ಮನೆ. ಸ್ಲ್ಯಾಬ್ ಬಿದ್ದ ಮೇಲೆ ಆರು ತಿಂಗಳು ಬಾಗಿಲು, ಗಿಲಾವು ಯಾವುದೂ ಇಲ್ಲದೆ ನಿಂತಿರುತ್ತದೆ. ಪೈಪಿನ ಬಾಯಿಗೆ ಕ್ಯಾಪ್ ಹಾಕದಿದ್ದರೆ ಸಿಮೆಂಟ್, ಕಣಜದ ಹುಳು ಕಟ್ಟುವ ಮಣ್ಣು ತುಂಬಿ ತಂತಿ ಎಳೆಯುವ ಸ್ಪ್ರಿಂಗ್ ಒಳಗೆ ಹೋಗುವುದಿಲ್ಲ, ಸೀಳಿದ ಗೋಡೆಯನ್ನು ಮತ್ತೆ ಸೀಳಬೇಕು. ಕಾಂಕ್ರೀಟ್ ಹಾಕುವ ದಿನ ನಮ್ಮ ಒಬ್ಬ ಆಳು ಸ್ಲ್ಯಾಬ್ ಮೇಲೆ ಇರಲೇಬೇಕು. ವೈಬ್ರೇಟರ್ ಬಡಿದು, ಬುಟ್ಟಿ ಹೊತ್ತವರ ಕಾಲಿಗೆ ಸಿಕ್ಕು ಜಾಯಿಂಟ್ ಬಿಟ್ಟರೆ ಅದು ಗೊತ್ತಾಗುವುದು ತಂತಿ ಎಳೆಯುವ ದಿನವೇ. ತಂತಿಯನ್ನಂತೂ ಬಾಗಿಲು, ಕಿಟಕಿ ಕೂತ ಮೇಲೆಯೇ ಎಳೆಯುವುದು. ತೆರೆದ ಮನೆಯಲ್ಲಿ ತಾಮ್ರ ಉಳಿಯುವುದಿಲ್ಲ.

ಈ ಕಾರಣಕ್ಕೆ ಹಂತಹಂತವಾಗಿ ರೇಟು ಕೊಡುತ್ತೇನೆ: ಸ್ಲ್ಯಾಬಿಗೆ 15, ಗೋಡೆಗೆ 40, ತಂತಿಗೆ 25, ಫಿಟಿಂಗಿಗೆ 20 ಶೇಕಡಾ. ಸ್ಲ್ಯಾಬಿನ ದಿನ 13ರಲ್ಲಿ ಒಂದೇ ಆದರೂ 15 ಕೇಳುವುದು, ಆಮೇಲೆ ಮನೆ ನಿಂತೇ ಹೋದರೆ ನನ್ನ ಓಡಾಟ ಮುಳುಗಬಾರದೆಂದು. ಹಂತಗಳ ನಡುವೆ ಆರು ತಿಂಗಳು ದಾಟಿದರೆ ಉಳಿದ ಹಂತಕ್ಕೆ ಆಗಿನ ಪಗಾರ. ತಂತಿಗೆ ಕೊಟೇಶನ್‌ನಲ್ಲಿ ಕಾಯಿಲ್ ಸಂಖ್ಯೆ ಮಾತ್ರ ಬರೆಯುತ್ತೇನೆ, ದರ ಎಳೆಯುವ ವಾರದ ಅಂಗಡಿ ಬಿಲ್ಲಿನದ್ದು. ಅದು ತಾಮ್ರದ ಜೊತೆ ಏರಿಳಿಯುತ್ತದೆ, ಆ ಜೂಜು ನಾನು ಆಡುವುದಿಲ್ಲ. ಮಾಲು ಮಾಲಕರೇ ಕೊಂಡರೆ ನನ್ನ ಬಂಡವಾಳ ಉದ್ರಿಯಲ್ಲಿ ಸಿಕ್ಕುವುದಿಲ್ಲ. ಒಂಟಿ ಮನೆಯ ಹೊಸ ಕೆಲಸಕ್ಕೆ ಬರೀ ಮಜೂರಿ ಗುತ್ತಿಗೆಯಾದರೆ ಜಿಎಸ್‌ಟಿ ಇಲ್ಲ ಎಂಬುದು ಇನ್ನೊಂದು ಅನುಕೂಲ. ಅಂಗಡಿ ಕಮಿಷನ್ ಬೇಡ, ಆ ರಿಯಾಯಿತಿ ಮಾಲಕರಿಗೇ ಹೋಗಲಿ. ಮಜೂರಿಯಲ್ಲಿ ನಾನು ಬಿಗಿ ಹಿಡಿಯಲು ಅದೇ ಬಲ.

ಕಬ್ಬಿನ ಬಿಲ್ಲು, ಒಣದ್ರಾಕ್ಷಿ ಮಾರಿದ ರೊಕ್ಕ ನಂಬಿ ಮನೆ ಕಟ್ಟುವವರು ಇಲ್ಲಿ ಬಹಳ. "ಬಿಲ್ ಬಂದ ಕೂಡಲೇ ಕೊಡ್ತೀವಿ" ಎಂದರೆ ಬೇಡ ಅನ್ನುವುದಿಲ್ಲ, ಆ ಹಂತವನ್ನೇ ಬಿಲ್ ಬಂದ ಮೇಲೆ ಹಿಡಿಯುತ್ತೇನೆ.

ಕೊನೆಯ ಕಂತನ್ನು ಮೀಟರಿಗೆ ಕಟ್ಟಿಹಾಕಿಕೊಳ್ಳಬೇಡಿ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸ್ವಾಧೀನಾನುಭವ ಪತ್ರ (ಒಸಿ) ಇಲ್ಲದ ಕಟ್ಟಡಕ್ಕೆ ಖಾಯಂ ವಿದ್ಯುತ್ ಸಂಪರ್ಕ ಸಿಗುವುದು ಬಿಗಿಯಾಗಿದೆ. ಸಣ್ಣ ನಿವೇಶನಗಳಿಗೆ ಸರ್ಕಾರ ರಿಯಾಯಿತಿ ಕೊಟ್ಟಿದ್ದರೂ ನಕ್ಷೆ ಮೀರಿ ಕಟ್ಟಿದವರ ಕಾಗದ ತಿಂಗಳುಗಟ್ಟಲೆ ಓಡಾಡುತ್ತದೆ. ಹೆಸ್ಕಾಂಗೆ ಬೇಕಾದ ಕಂಪ್ಲೀಷನ್ ರಿಪೋರ್ಟ್ ಮತ್ತು ವೈರಿಂಗ್ ನಕ್ಷೆ ನನ್ನ ಜವಾಬ್ದಾರಿ, ಕಟ್ಟಡದ ಕಾಗದ ಮಾಲಕರದ್ದು. ನನ್ನ ಕೊನೆಯ ಕಂತು ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್ ಯಂತ್ರದ ರೀಡಿಂಗಿಗೆ: 500 ವೋಲ್ಟಿನಲ್ಲಿ ಪ್ರತಿ ಸರ್ಕ್ಯೂಟ್ ಕನಿಷ್ಠ 1 ಮೆಗಾ ಓಮ್, ಸರ್ಕ್ಯೂಟ್‌ವಾರು ಬರೆದು ಸಹಿ ಹಾಕಿ ಕೊಡುತ್ತೇನೆ. ಕರೆಂಟಿಲ್ಲದೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೆ ಏನೂ ಆಗದು. ಅದಕ್ಕಾಗಿ ಮೀಟರ್ ಬಂದ ಮೇಲೆ ಅರ್ಧ ದಿನದ ಒಂದು ಭೇಟಿಯನ್ನು ಫಿಟಿಂಗ್‌ನ 3 ದಿನದೊಳಗೇ ಸೇರಿಸಿಟ್ಟಿರುತ್ತೇನೆ.