ಹಲ್ಲೆ ಪ್ರಕರಣದಲ್ಲಿ ಜಾಮೀನು: ಮುಂಬೈ ಕನ್ನಡಿಗರಿಗೆ ಒಂದು ಮಾರ್ಗದರ್ಶಿ

ಅಂಧೇರಿಯ ಹೋಟೆಲಿನಲ್ಲೋ ಧಾರಾವಿಯ ಚಾಳಿನಲ್ಲೋ ನಡೆದ ಹೊಡೆದಾಟದಲ್ಲಿ ನಿಮ್ಮವರನ್ನು ಪೊಲೀಸರು ಬಂಧಿಸಿದರೆ, ಮೊದಲು ಎಫ್‌ಐಆರ್ ಪ್ರತಿಯನ್ನು ಪಡೆದು, ಮರಾಠಿ ಚೆನ್ನಾಗಿ ಬಲ್ಲವರಿಂದ ಓದಿಸಿ, ಯಾವ ಕಲಮು ಹಾಕಿದ್ದಾರೆಂದು ತಿಳಿದುಕೊಳ್ಳಬೇಕು. ಹಳೆಯ ಐಪಿಸಿಯ ಬದಲು 2024ರ ಜುಲೈ 1ರಿಂದ ಜಾರಿಯಲ್ಲಿರುವ ಅಪರಾಧ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 115(2)ರ ಸಾಮಾನ್ಯ ಗಾಯ, 117(2)ರ ತೀವ್ರ ಗಾಯ ಇವೆರಡೂ ಜಾಮೀನೀಯ ಅಪರಾಧಗಳು. ಇಲ್ಲಿ ಜಾಮೀನು ಆರೋಪಿಯ ಹಕ್ಕು, ಠಾಣೆಯಲ್ಲೇ ಸಿಗಬೇಕು. ಜಾಮೀನುದಾರನನ್ನು ಒದಗಿಸಲಾಗದ ಬಡವನನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದೂ ಕಾನೂನು ಹೇಳುತ್ತದೆ.

ಚಾಕು ಬೀಸಿದ್ದರೆ ಅಥವಾ ಕುದಿಯುವ ಎಣ್ಣೆ ಎರಚಿದ್ದರೆ 118ನೇ ಕಲಮು, ಕೊಲೆ ಯತ್ನವೆಂದರೆ 109. ಇವು ಜಾಮೀನುರಹಿತವಾದ್ದರಿಂದ ತೀರ್ಮಾನ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಅವರು ವೈದ್ಯಕೀಯ ವರದಿಯಲ್ಲಿ ಗಾಯ ತಲೆಗೋ ತೋಳಿಗೋ ಎಂಬುದನ್ನು, ಆಯುಧ ವಶವಾಗಿದೆಯೇ ಎಂಬುದನ್ನು, ಗುಂಪಿನಲ್ಲಿ ಈ ಆರೋಪಿ ನಿಜವಾಗಿ ಮಾಡಿದ್ದೇನು ಎಂಬುದನ್ನು, ಹಿಂದಿನ ಪ್ರಕರಣಗಳನ್ನು ಪರಿಶೀಲಿಸುತ್ತಾರೆ.

ನಮ್ಮವರಿಗೆ ಹೆಚ್ಚಾಗಿ ಅಡ್ಡಬರುವುದು ಊರಿಗೆ ಓಡಿಹೋದಾನೆಂಬ ಆಕ್ಷೇಪಣೆ. ಆದ್ದರಿಂದ ಬಾಡಿಗೆ ಕರಾರು, ರೇಷನ್ ಕಾರ್ಡು, ಮಾಲೀಕರ ಪತ್ರ, ಮಕ್ಕಳ ಶಾಲೆಯ ದಾಖಲೆಗಳನ್ನು ಅರ್ಜಿಯೊಂದಿಗೇ ಲಗತ್ತಿಸಿ. ದೂರುದಾರ ಅದೇ ಚಾಳಿನವನಾದರೆ, ಬೇರೆಡೆ ವಾಸಿಸುವುದಾಗಿ ನೀವೇ ಮುಂದಾಗಿ ಹೇಳುವುದು ಒಳ್ಳೆಯದು. ಸಾಕ್ಷಿಗಳನ್ನು ಬೆದರಿಸುವ ಭಯ ಅದರಿಂದ ಬಹಳ ಕಡಿಮೆಯಾಗುತ್ತದೆ. ರಾಜಿ ಮಾತಿಗೆಂದು ಗಾಯಾಳುವಿನ ಮನೆಗೆ ಹೋಗಲೇಬೇಡಿ.

ಅಪರಾಧಕ್ಕೆ ತಕ್ಕಂತೆ 60 ಅಥವಾ 90 ದಿನಗಳೊಳಗೆ ಆರೋಪಪಟ್ಟಿ ಸಲ್ಲಿಕೆಯಾಗದಿದ್ದರೆ ಜಾಮೀನು ಹಕ್ಕಾಗುತ್ತದೆ, ಆದರೆ ಆರೋಪಪಟ್ಟಿ ಬರುವ ಮೊದಲೇ ಅರ್ಜಿ ಹಾಕಿರಬೇಕು. ವಕೀಲರಿಗೆ ಹಣವಿಲ್ಲದವರು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರನ್ನು ಕೇಳಬಹುದು.