ಒಂದೇ ನಂಬರಿನ ಎರಡು ಶೀಟ್: ರೆವಿಟ್‌ನಲ್ಲಿ ಸರಿಪಡಿಸುವುದು ಹೇಗೆ?

ಮೂರು ಟವರ್‌ಗಳ ಅಪಾರ್ಟ್‌ಮೆಂಟ್, ಕಟ್ಟಡದ ನಕ್ಷೆ ತಯಾರಿಸುವ ಸಾಫ್ಟ್‌ವೇರ್ ರೆವಿಟ್‌ನಲ್ಲಿ ಎಲ್ಲಕ್ಕೂ ಒಂದೇ ಫೈಲು. ಮೊದಲ ಟವರಿನ ನೆಲಮಹಡಿ ಪ್ಲಾನಿಗೆ ಎ-101 ಅಂತ ನಂಬರ್ ಬಿದ್ದಾಗಿದೆ. ಎರಡನೇ ಟವರಿನ ಪ್ಲಾನಿಗೂ ಎ-101 ಎಂದೇ ಇರಲಿ ಎಂದು ಬಿಲ್ಡರ್ ಕಡೆಯವರು ಹಟ ಹಿಡಿದಿದ್ದಾರೆ. ಟೈಪ್ ಮಾಡಿ ಎಂಟರ್ ಒತ್ತಿದರೆ, ಈ ನಂಬರ್ ಆಗಲೇ ಬಳಕೆಯಲ್ಲಿದೆ ಎಂದು ರೆವಿಟ್ ತಡೆಯುತ್ತದೆ. ಶೀಟಿನ, ಅಂದರೆ ನಕ್ಷೆಯ ಒಂದೊಂದು ಹಾಳೆಯ, ಹೆಸರು ಎಷ್ಟು ಸಲ ಬೇಕಾದರೂ ಒಂದೇ ಇರಬಹುದು, ನಂಬರ್ ಮಾತ್ರ ಹಾಗಿರುವಂತಿಲ್ಲ (2025ರ ಆವೃತ್ತಿಯಿಂದ ಇದಕ್ಕೊಂದು ವಿನಾಯಿತಿ ಇದೆ, ಕೊನೆಯಲ್ಲಿ ಹೇಳುತ್ತೇನೆ). ಇಲ್ಲಿಂದ ಮುಂದೆ ಆಫೀಸುಗಳಲ್ಲಿ ನಡೆಯುವುದನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಯಾರೋ ಒಬ್ಬರು ನಂಬರಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸಿ ಸಾಫ್ಟ್‌ವೇರನ್ನು ದಾಟಿಸಿಬಿಡುತ್ತಾರೆ. ದಯವಿಟ್ಟು ಅದನ್ನು ಮಾಡಬೇಡಿ.

ಕಾರಣ ಸೈಟಿನಲ್ಲಿದೆ. ಪ್ಲಾನಿನ ಮೇಲೆ ಸೆಕ್ಷನ್ ಅಥವಾ ಡೀಟೇಲ್ ತೋರಿಸುವ ದುಂಡು ಬಬಲ್ ಇರುತ್ತದಲ್ಲ, ಅದರ ಮೇಲರ್ಧದಲ್ಲಿ ಡೀಟೇಲ್ ನಂಬರ್, ಕೆಳಗರ್ಧದಲ್ಲಿ ಶೀಟ್ ನಂಬರ್. ಕೆಳಗರ್ಧದಲ್ಲಿ ಎ-501 ಎಂದಿದ್ದರೆ ಮೇಸ್ತ್ರಿ ಕಂತೆಯಲ್ಲಿ ಎ-501 ಹುಡುಕುತ್ತಾನೆ. ಎರಡು ಎ-501 ಇದ್ದರೆ ಮೊದಲು ಸಿಕ್ಕಿದ್ದನ್ನು ನೋಡಿ ಮೆಟ್ಟಿಲು ಕಟ್ಟುತ್ತಾನೆ. ಆಗ ತಪ್ಪು ಮೇಸ್ತ್ರಿಯದಲ್ಲ.

ಹಂತ 1: ನಂಬರ್ ಯಾರ ಹತ್ತಿರ ಇದೆ ಎಂದು ಪತ್ತೆ ಮಾಡಿ

ಫೈಲಿನ ವ್ಯೂ, ಶೀಟ್‌ಗಳನ್ನೆಲ್ಲ ಪಟ್ಟಿ ಮಾಡಿ ತೋರಿಸುವ ಪ್ರಾಜೆಕ್ಟ್ ಬ್ರೌಸರ್‌ನಲ್ಲಿ ಎ-101 ಕಾಣಿಸಿದರೆ ಸರಿ, ಮುಂದಿನ ಹಂತಕ್ಕೆ ಹೋಗಿ. ಎಲ್ಲೂ ಕಾಣಿಸದೆಯೂ ಬಳಕೆಯಲ್ಲಿದೆ ಎನ್ನುತ್ತಿದ್ದರೆ ಎರಡು ಅನುಮಾನ ಇಟ್ಟುಕೊಳ್ಳಿ. ಒಂದು, ಬ್ರೌಸರಿಗೆ ಯಾರೋ ಫಿಲ್ಟರ್ ಹಾಕಿ ಕೆಲವು ಶೀಟ್‌ಗಳನ್ನು ಮರೆಮಾಡಿರಬಹುದು. ಇನ್ನೊಂದು, ಪ್ಲೇಸ್‌ಹೋಲ್ಡರ್ ಶೀಟ್. ಶೀಟ್ ಲಿಸ್ಟ್‌ನಲ್ಲಿ (ಶೀಟ್‌ಗಳ ನಂಬರ್, ಹೆಸರುಗಳ ಕೋಷ್ಟಕ) ಮುಂಗಡವಾಗಿ ಸೇರಿಸಿಟ್ಟ, ಹಾಳೆಯೇ ಇಲ್ಲದ ಬರೀ ಸಾಲು ಅದು. ಬ್ರೌಸರ್‌ನಲ್ಲಿ ಕಾಣುವುದಿಲ್ಲ, ಆದರೆ ನಂಬರನ್ನು ಹಿಡಿದುಕೊಂಡೇ ಇರುತ್ತದೆ. ಆಫೀಸಿನ ಹಳೇ ಟೆಂಪ್ಲೇಟ್‌ನಿಂದ ಇಂಥವು ಡಜನ್‌ಗಟ್ಟಲೆ ಬಂದು ಕೂತಿರುತ್ತವೆ. ಶೀಟ್ ಲಿಸ್ಟ್ ತೆರೆದು, ಮೇಲಿನ ರಿಬ್ಬನ್‌ನಲ್ಲಿ ಪ್ಲೇಸ್‌ಹೋಲ್ಡರ್‌ಗಳನ್ನಷ್ಟೇ ತೋರಿಸುವ ಐಸೊಲೇಟ್ ಬಟನ್ ಒತ್ತಿ ನೋಡಿ. ಬೇಡದ ಸಾಲುಗಳನ್ನು ಅಲ್ಲೇ ಅಳಿಸಿ. ಲಿಂಕ್ ಮಾಡಿದ ಫೈಲಿನಲ್ಲಿ ಅದೇ ನಂಬರ್ ಇದ್ದರೆ ರೆವಿಟ್ ತಕರಾರು ಮಾಡುವುದಿಲ್ಲ, ಅದರ ಲೆಕ್ಕ ಆಯಾ ಫೈಲಿನೊಳಗೆ ಮಾತ್ರ. ಹಾಗಾಗಿ ಲಿಂಕ್‌ಗಳ ನಡುವಿನ ಗೊಂದಲವನ್ನು ನೀವೇ ಕಣ್ಣಿಟ್ಟು ಹಿಡಿಯಬೇಕು.

ಹಂತ 2: ಅಡಗಿದ ಅಕ್ಷರಗಳನ್ನು ಹೊರಗೆಳೆಯಿರಿ

ಎಡವುವುದು ಇಲ್ಲೇ. ಹಿಂದೆ ಕೆಲಸ ಮಾಡಿದವರು ಏನು ಬಚ್ಚಿಟ್ಟು ಹೋಗಿದ್ದಾರೆ ಎಂದು ತಿಳಿಯದೆ ನಂಬರ್ ಬದಲಿಸಲು ಹೊರಟರೆ ಗೋಜಲು ಇಮ್ಮಡಿಯಾಗುತ್ತದೆ.

ಅಡಗಿಸಲು ಎರಡು ದಾರಿ ಚಾಲ್ತಿಯಲ್ಲಿವೆ. ಆಲ್ಟ್ ಕೀ ಹಿಡಿದು 0160 ಒತ್ತಿದರೆ ಬರುವ ಸ್ಪೇಸ್ ಒಂದು. ಅದು ಸ್ಪೇಸ್‌ಬಾರ್‌ನ ಸ್ಪೇಸ್ ಅಲ್ಲ, ಬೇರೆಯದೇ ಅಕ್ಷರ. ಎರಡನೆಯದಕ್ಕೆ ಅಗಲವೇ ಇಲ್ಲ. ವಿಂಡೋಸ್‌ನ ಎಷ್ಟೋ ಟೆಕ್ಸ್ಟ್ ಬಾಕ್ಸ್‌ಗಳಲ್ಲಿ ಮೌಸ್‌ನ ಬಲಗುಂಡಿ ಒತ್ತಿದಾಗ ಬರುವ ಯೂನಿಕೋಡ್ ಕಂಟ್ರೋಲ್ ಕ್ಯಾರೆಕ್ಟರ್‌ಗಳ ಪಟ್ಟಿಯಿಂದ ಅದನ್ನು ಸೇರಿಸುತ್ತಾರೆ. ಕನ್ನಡ ಟೈಪ್ ಮಾಡುವವರಿಗೆ ಇದು ಹೊಸದಲ್ಲ: ರಾಜ್‌ಕುಮಾರ್ ಎಂದು ಬರೆಯುವಾಗ ಕಕಾರ ಜಕಾರಕ್ಕೆ ಒತ್ತಾಗಿ ಅಂಟದಂತೆ ನಡುವೆ ಕೂರುವುದು ಇದೇ ಜಾತಿಯ ಅಕ್ಷರ. ಕನ್ನಡದಲ್ಲಿ ಅದಕ್ಕೊಂದು ಕೆಲಸವಿದೆ, ಶೀಟ್ ನಂಬರಿನಲ್ಲಿ ಏನೂ ಇಲ್ಲ.

ಒಂದೆರಡು ಶೀಟ್ ಆದರೆ ಕೈಯಲ್ಲೇ ಪರೀಕ್ಷಿಸಿ. ನಂಬರ್ ಬಾಕ್ಸಿನೊಳಗೆ ಕ್ಲಿಕ್ ಮಾಡಿ, ಎಂಡ್ ಕೀ ಒತ್ತಿ, ಒಂದೇ ಒಂದು ಸಲ ಬ್ಯಾಕ್‌ಸ್ಪೇಸ್ ಒತ್ತಿ. ಕೊನೆಯ ಅಂಕಿ ಅಳಿಸಿಹೋಗದೆ ಹಾಗೇ ಉಳಿದಿದ್ದರೆ ಅದರ ಹಿಂದೆ ಏನೋ ಇತ್ತು ಎಂದರ್ಥ. ನಂಬರಿನ ಶುರುವಿನಲ್ಲೋ ನಡುವಿನಲ್ಲೋ ಅಡಗಿದ್ದರೆ ಬಾಣದ ಕೀಯಿಂದ ಒಂದೊಂದೇ ಅಕ್ಷರ ದಾಟುತ್ತಾ ಹೋಗಿ. ಕೀ ಒತ್ತಿಯೂ ಕರ್ಸರ್ ನಿಂತಲ್ಲೇ ನಿಂತರೆ ಸಿಕ್ಕಿತು. ನೋಡಿಯಾದ ಮೇಲೆ ಎಸ್ಕೇಪ್ ಒತ್ತಿ ಹೊರಬನ್ನಿ.

ನೂರಾರು ಶೀಟ್ ಇದ್ದರೆ ಶೀಟ್ ಲಿಸ್ಟನ್ನು ಟೆಕ್ಸ್ಟ್ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ಎಕ್ಸೆಲ್‌ನಲ್ಲಿ ತೆರೆಯಿರಿ. ಪಕ್ಕದ ಕಾಲಂನಲ್ಲಿ ಅಕ್ಷರಗಳನ್ನು ಎಣಿಸುವ ಲೆನ್ (LEN) ಫಾರ್ಮುಲಾ ಹಾಕಿ. ಎ-101ಕ್ಕೆ 5 ಬರಬೇಕು. 6 ಅಥವಾ 7 ಬಂದ ಸಾಲುಗಳೇ ನಿಮ್ಮ ಕಳ್ಳರು. ಎಕ್ಸೆಲ್‌ನ ಟ್ರಿಮ್ ಫಾರ್ಮುಲಾ ಹಾಕಿ ಸ್ವಚ್ಛ ಮಾಡಿದೆವು ಎಂದುಕೊಳ್ಳುವವರಿದ್ದಾರೆ. ಟ್ರಿಮ್ ತೆಗೆಯುವುದು ಮಾಮೂಲಿ ಸ್ಪೇಸನ್ನು ಮಾತ್ರ, 160ನೇ ಅಕ್ಷರವನ್ನು ಮುಟ್ಟುವುದೇ ಇಲ್ಲ. ಎಕ್ಸೆಲ್‌ನ ಡುಪ್ಲಿಕೇಟ್ ಹುಡುಕುವ ಸೌಲಭ್ಯವೂ ಇಲ್ಲಿ ಉಪಯೋಗಕ್ಕಿಲ್ಲ, ಏಕೆಂದರೆ ಅದರ ಪಾಲಿಗೆ ಅವು ಎರಡು ಬೇರೆ ನಂಬರ್‌ಗಳು. ಡ್ರಾಯಿಂಗ್‌ಗಳ ಲೆಕ್ಕವಿಡುವ ಎಕ್ಸೆಲ್ ರಿಜಿಸ್ಟರಿನಲ್ಲಿ, ನಂಬರ್ ಹುಡುಕಿ ವಿವರ ತರುವ ವಿಲುಕಪ್ (VLOOKUP) ಫಾರ್ಮುಲಾ ಕೆಲವು ಸಾಲುಗಳಿಗೆ ಮಾತ್ರ ಕೈಕೊಡುತ್ತಿದ್ದರೆ ಕಾರಣ ಇದಿರಬಹುದು.

ಪಟ್ಟಿ ನೋಡುವಾಗಲೇ ಸೊನ್ನೆಯ ಜಾಗದಲ್ಲಿ ಇಂಗ್ಲಿಷ್ ಓ ಅಕ್ಷರ ಬಿದ್ದಿದೆಯೇ, ಒಂದು ಕಡೆ ಎ-101, ಇನ್ನೊಂದು ಕಡೆ ಗೆರೆಯಿಲ್ಲದ ಎ101 ಇದೆಯೇ ಎಂದೂ ಗಮನಿಸಿ. ಇವು ಬೇಕಂತಲೇ ಮಾಡಿದವಲ್ಲ, ಆದರೆ ಪರಿಣಾಮ ಒಂದೇ.

ಸಿಕ್ಕ ನಂಬರನ್ನು ತಿದ್ದಲು ಹೋಗಬೇಡಿ. ಪೂರ್ತಿ ಅಳಿಸಿ, ಒಂದು ತಾತ್ಕಾಲಿಕ ನಂಬರನ್ನು ಕೈಯಾರೆ ಟೈಪ್ ಮಾಡಿ. ಹಳೆಯದನ್ನು ಕಾಪಿ ಮಾಡಿ ಅಂಟಿಸಿದರೆ ಅಡಗಿದ ಅಕ್ಷರವೂ ಜೊತೆಗೇ ಬರುತ್ತದೆ.

ಹಂತ 3: ವ್ಯತ್ಯಾಸವನ್ನು ಕಣ್ಣಿಗೆ ಕಾಣುವಂತೆ ಬರೆಯಿರಿ

ನನ್ನ ಸಲಹೆ ಒಂದೇ: ಟವರಿನ ಗುರುತು ನಂಬರಿನೊಳಗೇ ಇರಲಿ. ಟಿ1-ಎ-101, ಟಿ2-ಎ-101. ಅಮೆರಿಕದ ನ್ಯಾಷನಲ್ ಕ್ಯಾಡ್ ಸ್ಟ್ಯಾಂಡರ್ಡ್ ಪ್ರಕಾರ ಎ ಅಂದರೆ ಆರ್ಕಿಟೆಕ್ಚರ್. ಅದರ ನಂತರದ ಅಂಕಿ 1 ಆದರೆ ಪ್ಲಾನ್, 2 ಎಲಿವೇಶನ್, 3 ಸೆಕ್ಷನ್, 5 ಡೀಟೇಲ್. ಈ ಕ್ರಮ ಕೆಡದಂತೆ ಮುಂದೊಂದು ಗುರುತು ಸೇರಿಸಿದರೆ ಸಾಕು. ಟೈಟಲ್ ಬ್ಲಾಕಿನಲ್ಲಿ (ಶೀಟಿನ ಹೆಸರು, ನಂಬರ್ ಮುದ್ರಿಸುವ ಚೌಕಟ್ಟು) ಬೇರೆ ಪ್ಯಾರಾಮೀಟರ್, ಅಂದರೆ ಇನ್ನೊಂದು ಮಾಹಿತಿ ಖಾನೆ, ಇಟ್ಟು ಅಲ್ಲಿ ಎ-101 ಎಂದು ಮುದ್ರಿಸುವ ಅಡ್ಡದಾರಿ ಕೆಲವರಿಗೆ ಇಷ್ಟ. ನನಗೆ ಒಪ್ಪಿಗೆಯಿಲ್ಲ. ಬಬಲ್‌ಗಳು ಅಸಲಿ ನಂಬರನ್ನೇ ತೋರಿಸುತ್ತವೆ, ಹಾಳೆಯ ಮೂಲೆಯಲ್ಲಿ ಇನ್ನೊಂದಿರುತ್ತದೆ.

ಹಂತ 4: ಬಾಲದಿಂದ ಶುರು ಮಾಡಿ

ಎ-103ರ ನಂತರ ಹೊಸ ಶೀಟ್ ತೂರಿಸಬೇಕು, ಈಗಿರುವುದು ಎ-109ರ ತನಕ. ಎ-104ನ್ನು ಎ-105 ಮಾಡಲು ಹೋದರೆ ಅಲ್ಲೇ ತಡೆ. ಮೊದಲು 109ನ್ನು 110 ಮಾಡಿ, ಆಮೇಲೆ 108ನ್ನು 109, ಹೀಗೆ ಹಿಂದಕ್ಕೆ ಬನ್ನಿ. ಎರಡು ಶೀಟ್‌ಗಳ ನಂಬರ್ ಅದಲುಬದಲು ಮಾಡಲು ಒಂದಕ್ಕೆ ತಾತ್ಕಾಲಿಕ ನಂಬರ್ ಕೊಡದೆ ಗತಿಯಿಲ್ಲ. ದೊಡ್ಡ ಪಟ್ಟಿಯಾದರೆ ರೆವಿಟ್ ಜೊತೆಗೇ ಬರುವ, ಕೆಲಸಗಳನ್ನು ತಾನಾಗಿ ಮಾಡಿಸುವ ಡೈನಮೋದಲ್ಲಿ ಎರಡು ಸುತ್ತು ಓಡಿಸಿ: ಮೊದಲ ಸುತ್ತಿನಲ್ಲಿ ಎಲ್ಲದಕ್ಕೂ ಝಡ್ ಸೇರಿಸಿದ ತಾತ್ಕಾಲಿಕ ನಂಬರ್, ಎರಡನೆಯದರಲ್ಲಿ ಅಂತಿಮ ನಂಬರ್. ಒಂದೇ ಕ್ಲಿಕ್ಕಿಗೆ ನಂಬರ್ ಬದಲಿಸಿಕೊಡುತ್ತೇವೆ ಎನ್ನುವ ಪುಕ್ಕಟೆ ಆಡ್-ಇನ್‌ಗಳನ್ನು ಮೊದಲು ಫೈಲಿನ ನಕಲಿನ ಮೇಲೆ ಓಡಿಸಿ ನೋಡಿ. ತಡೆ ಬಂದಾಗ ಹೇಳದೆ ಕೇಳದೆ ಕೆಲವು ಶೀಟ್ ಬಿಟ್ಟುಬಿಡುವಂಥವು ನನ್ನ ಲೆಕ್ಕದಲ್ಲಿ ಬಳಸಲು ಯೋಗ್ಯವಲ್ಲ.

ಹಲವರು ಒಟ್ಟಿಗೆ ಕೆಲಸ ಮಾಡುವ ಸೆಂಟ್ರಲ್ ಫೈಲ್ ಆದರೆ ಎಲ್ಲರೂ ಸಿಂಕ್ ಮಾಡಿ ಹೊರಬಂದ ಮೇಲೆ ಒಬ್ಬರೇ ಕೂತು ಮಾಡಿ.

ಬಬಲ್‌ಗಳು ತಾವಾಗಿಯೇ ಬದಲಾಗುತ್ತವೆ. ಆದರೆ "ವಿವರಕ್ಕೆ ಎ-104 ನೋಡಿ" ಎಂದು ಟೆಕ್ಸ್ಟ್ ಆಗಿ ಬರೆದ ಟಿಪ್ಪಣಿಗಳು ಬದಲಾಗುವುದಿಲ್ಲ, ಮತ್ತು ಇದನ್ನು ಹತ್ತರಲ್ಲಿ ಒಂಬತ್ತು ಮಂದಿ ಮರೆಯುತ್ತಾರೆ. ಅನೊಟೇಟ್ ಟ್ಯಾಬ್‌ನ ಫೈಂಡ್-ರಿಪ್ಲೇಸ್ ತೆರೆದು, ಇಡೀ ಪ್ರಾಜೆಕ್ಟ್ ಆಯ್ಕೆ ಮಾಡಿ, ಹಳೇ ನಂಬರ್‌ಗಳನ್ನು ಒಂದೊಂದಾಗಿ ಹುಡುಕಿ. ಇಲ್ಲೂ ದೊಡ್ಡ ನಂಬರಿನಿಂದಲೇ ಶುರು ಮಾಡಿ. 104ನ್ನು 105 ಮಾಡಿ ಆಮೇಲೆ 105ನ್ನು 106 ಮಾಡಿದರೆ ಎರಡೂ 106 ಆಗುತ್ತವೆ.

2025 ಅಥವಾ ಅದರ ನಂತರದ ಆವೃತ್ತಿ ಇದ್ದರೆ

ರೆವಿಟ್ 2025ರಲ್ಲಿ ಶೀಟ್ ಕಲೆಕ್ಷನ್, ಅಂದರೆ ಶೀಟ್‌ಗಳನ್ನು ಗುಂಪು ಮಾಡುವ ಸೌಲಭ್ಯ, ಬಂದಿದೆ. ಟವರಿಗೊಂದು ಕಲೆಕ್ಷನ್ ಮಾಡಿ ಶೀಟ್‌ಗಳನ್ನು ಹಂಚಿದರೆ ಬೇರೆ ಬೇರೆ ಕಲೆಕ್ಷನ್‌ಗಳಲ್ಲಿ ಒಂದೇ ನಂಬರ್ ಇರಬಹುದು. ಬಿಲ್ಡರ್ ಯಾವ ಕಾರಣಕ್ಕೂ ಬಗ್ಗದಿದ್ದರೆ ಇದು ಪ್ರಾಮಾಣಿಕ ದಾರಿ. ಆದರೆ ಇಡೀ ತಂಡ ಆ ಆವೃತ್ತಿಗೆ ಬಂದಿರಬೇಕು, ಮೇಲಕ್ಕೇರಿಸಿದ ಫೈಲನ್ನು ಹಳೇ ಆವೃತ್ತಿಗೆ ಇಳಿಸಲಾಗದು. ಟೈಟಲ್ ಬ್ಲಾಕಿನಲ್ಲಿ ಟವರಿನ ಹೆಸರು ದಪ್ಪಕ್ಷರದಲ್ಲಿ ಇರಲಿ. ಪಿಡಿಎಫ್ ತೆಗೆಯುವಾಗ ಕಲೆಕ್ಷನ್‌ಗೊಂದು ಫೋಲ್ಡರ್ ಮಾಡಿ. ಇಲ್ಲದಿದ್ದರೆ ಟವರ್ 2ರ ಎ-101 ಬಂದು ಟವರ್ 1ರ ಫೈಲಿನ ಮೇಲೇ ಕೂರುವ ಅಪಾಯವಿದೆ.

ಸೈಟಿಗೆ ಆಗಲೇ ಹೋದ ಶೀಟ್‌ಗಳ ನಂಬರನ್ನು ಮಾತ್ರ ಸುಮ್ಮನೆ ಬದಲಿಸಬೇಡಿ. ಹಳೇ ನಂಬರ್, ಹೊಸ ನಂಬರ್ ಎರಡೂ ಇರುವ ಪಟ್ಟಿಯನ್ನು ಹೊಸ ಕಂತೆಯ ಮೊದಲ ಹಾಳೆಯಾಗಿ ಕಳುಹಿಸಿ, ಸೈಟ್ ಇಂಜಿನಿಯರಿಗೆ ಫೋನ್ ಮಾಡಿ ಹಳೇ ಹಾಳೆಗಳನ್ನು ವಾಪಸ್ ತರಿಸಿಕೊಳ್ಳಿ. ರದ್ದಾದ ನಂಬರನ್ನು ಆ ಪ್ರಾಜೆಕ್ಟ್ ಮುಗಿಯುವ ತನಕ ಬೇರೆ ಯಾವ ಡ್ರಾಯಿಂಗಿಗೂ ಕೊಡಬೇಡಿ.