ಅರವತ್ತು ದಾಟಿದ ಮೇಲೆ ಮನೆಯಲ್ಲೇ ಹುಳಿಪುಡಿ ವ್ಯಾಪಾರ: ಶುರು ಮಾಡುವುದು ಹೇಗೆ?

ನಾನು ಹುಳಿಪುಡಿ ಮಾರಲು ಶುರು ಮಾಡಿದಾಗ ನನಗೆ 61 ವರ್ಷ. ಮೈಸೂರಿನ ಕುವೆಂಪುನಗರದ ನಮ್ಮ ಅಡುಗೆಮನೆಯೇ ಕಾರ್ಖಾನೆ. ಮಕ್ಕಳ ಓದು, ಮನೆ ಸಾಲ, ಯಜಮಾನರ ಕಾಯಿಲೆ ಅಂತ ಮೂವತ್ತು ವರ್ಷ ಮುಂದಕ್ಕೆ ಹಾಕುತ್ತಾ ಬಂದ ಆಸೆ ಇದು. ನಿಮ್ಮ ಮನಸ್ಸಿನಲ್ಲೂ ಇಂಥದ್ದೊಂದು ಇದ್ದರೆ, ನಾನು ಕಲಿತದ್ದನ್ನು ಹೇಳುತ್ತೇನೆ.

ಒಂದೇ ಪದಾರ್ಥ ಹಿಡಿದುಕೊಳ್ಳಿ. ನನಗೆ ಹಪ್ಪಳ, ಸಂಡಿಗೆ, ಚಟ್ನಿಪುಡಿ ಎಲ್ಲಾ ಮಾಡುವ ಆಸೆ. ಆದರೆ ಬಂದವರು ಡಬ್ಬ ಕೊಟ್ಟು ತುಂಬಿಸಿಕೊಂಡು ಹೋಗುತ್ತಿದ್ದದ್ದು ಹುಳಿಪುಡಿ ಮಾತ್ರ. ಮೊದಲ ಎರಡು ಕಿಲೋ ಗುರುತಿಲ್ಲದವರಿಗೆ ಮಾರಿ. ನೆಂಟರು ಹೇಗಿದ್ದರೂ ಚೆನ್ನಾಗಿದೆ ಅಂತಲೇ ಅನ್ನುತ್ತಾರೆ, ಅಲ್ವಾ? ಗುರುತಿಲ್ಲದವರು ಎರಡನೇ ಸಲ ದುಡ್ಡು ಕೊಟ್ಟು ಕೇಳಿದರೆ ಅದನ್ನು ನಂಬಿ.

ಕೈಯಳತೆ ಬಿಡಿ, ತಕ್ಕಡಿ ತನ್ನಿ. ಇದು ನನಗೆ ತುಂಬಾ ಕಷ್ಟವಾಯಿತು. ಬೊಗಸೆ ಧನಿಯಾ, ಹಿಡಿ ಕಡ್ಲೆಬೇಳೆ, ಚಿಟಿಕೆ ಇಂಗು ಅಂತಲೇ ಮಾಡಿದ ಕೈ ಇದು. ಪ್ರತಿ ಬೊಗಸೆಯನ್ನೂ ತೂಗಿ, ಗ್ರಾಂ ಲೆಕ್ಕದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಮೆಣಸಿನಕಾಯಿ. ಒಂದೊಂದನ್ನೂ ಬೇರೆ ಬೇರೆ ಹುರಿಯಿರಿ. ಮೆಂತ್ಯ ಒಂದು ಗಳಿಗೆ ಜಾಸ್ತಿ ಬೆಂದರೂ ಇಡೀ ಪುಡಿ ಕಹಿ.

ಮಿಲ್ಲಿನಿಂದ ಬಂದ ಪುಡಿ ಬಿಸಿಯಾಗಿರುತ್ತದೆ. ಒಮ್ಮೆ ಅವಸರಕ್ಕೆ ಹಾಗೇ ಪ್ಯಾಕ್ ಮಾಡಿದೆ. ಒಳಗೆ ಬೆವರಿ, ನಾಲ್ಕು ಕಿಲೋ ಮುಗ್ಗಲು ವಾಸನೆ ಹಿಡಿಯಿತು. ಎಲ್ಲಾ ಸುರಿದೆ, ಆ ರಾತ್ರಿ ಅತ್ತುಬಿಟ್ಟೆ. ಈಗ ಬಿಳಿ ಪಂಚೆಯ ಮೇಲೆ ತೆಳ್ಳಗೆ ಹರಡಿ, ಪೂರ್ತಿ ಆರಿದ ಮೇಲೇ ತುಂಬುತ್ತೇನೆ.

ಬೆಲೆ ಕಟ್ಟುವಾಗ ನಿಮ್ಮ ದುಡಿಮೆಯನ್ನೂ ಸೇರಿಸಿ. ಸಾಮಾನು, ಗ್ಯಾಸ್, ಮಿಲ್ಲು, ಕವರ್ ಸೇರಿ ನನಗೆ ಕಿಲೋಗೆ 310 ರೂಪಾಯಿ ಬೀಳುತ್ತಿತ್ತು. ನಾನು 320ಕ್ಕೆ ಕೊಡುತ್ತಿದ್ದೆ. ಹೆಂಗಸರು ಅಡುಗೆಮನೆ ಕೆಲಸಕ್ಕೆ ಬೆಲೆ ಹಾಕುವುದನ್ನೇ ಕಲಿತಿಲ್ಲ, ಅದು ನನಗೆ ನಿಜಕ್ಕೂ ನೋವಿನ ವಿಷಯ. ಸೊಸೆ ಕೂತು ಗಂಟೆ ಲೆಕ್ಕ ಹಾಕಿದಳು. ಬೆಲೆ 480 ಆಯಿತು. ಇಬ್ಬರು ಗಿರಾಕಿ ಬಿಟ್ಟರು, ಉಳಿದವರು ಬಿಡಲಿಲ್ಲ.

ಕಾಗದಪತ್ರಕ್ಕೆ ಹೆದರಬೇಡಿ. ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐ ನೋಂದಣಿಗೆ ನಾನು ಕಟ್ಟಿದ್ದು ವರ್ಷಕ್ಕೆ 100 ರೂಪಾಯಿ. 14 ಅಂಕಿಯ ನಂಬರ್ ಕೊಡುತ್ತಾರೆ, ಅದು ಪ್ಯಾಕೆಟ್ ಮೇಲೆ ಇರಲೇಬೇಕು. ತೂಕ, ಎಂಆರ್‌ಪಿ, ತಯಾರಿಸಿದ ದಿನ, ಏನೇನು ಹಾಕಿದ್ದೀರಿ, ವಿಳಾಸ, ಸಸ್ಯಾಹಾರದ ಹಸಿರು ಗುರುತು ಕೂಡ. ಉದ್ಯಮ್ ಅಂದರೆ ಸಣ್ಣ ಉದ್ದಿಮೆಗಳ ನೋಂದಣಿ, ಅದು ಸರ್ಕಾರದ ವೆಬ್‌ಸೈಟಿನಲ್ಲಿ ಪೂರ್ತಿ ಉಚಿತ. ದುಡ್ಡು ಕೇಳುವವರಿಗೆ ಸುಮ್ನೆ ಕೊಡಬೇಡಿ. ನಮ್ಮೂರಲ್ಲೇ 1950ರಿಂದ ಆಹಾರ ತಂತ್ರಜ್ಞಾನದ ಕೇಂದ್ರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ. ಅಲ್ಲಿನ ಚಿಕ್ಕ ತರಬೇತಿಗಳ ಬಗ್ಗೆ ವಿಚಾರಿಸಿ. ಸಾಲ ಬೇಕಾದರೆ ಸಣ್ಣ ವ್ಯಾಪಾರಿಗಳಿಗಿರುವ ಕೇಂದ್ರ ಸರ್ಕಾರದ ಮುದ್ರಾ ಸಾಲ ಯೋಜನೆಯ ಶಿಶು ವಿಭಾಗದಲ್ಲಿ ಅಡಮಾನವಿಲ್ಲದೆ 50,000ದವರೆಗೆ ಸಿಗುತ್ತದೆ. ನಾನು ತೆಗೆದುಕೊಳ್ಳಲಿಲ್ಲ, 6,000 ರೂಪಾಯಿ ಚೀಟಿ ದುಡ್ಡಿನಲ್ಲಿ ಶುರು ಮಾಡಿದೆ.

ವಾರಕ್ಕೆ ಎಷ್ಟು ಕಿಲೋ ಅಂತ ನಿಮ್ಮ ಮೈ ನೋಡಿಕೊಂಡು ಗೊತ್ತು ಮಾಡಿ. ನನ್ನದು ಎಂಟು. ಮಂಗಳವಾರ ಹುರಿಯುವುದು, ಬುಧವಾರ ಮಿಲ್ಲು, ಗುರುವಾರ ಪ್ಯಾಕಿಂಗ್. ದಸರಾ ಹೊತ್ತಿಗೆ ಆರ್ಡರ್ ಜಾಸ್ತಿಯಾದರೆ ಎದುರುಮನೆ ಹುಡುಗಿಯನ್ನು ಕರೆದು ಕೂಲಿ ಕೊಡುತ್ತೇನೆ. ಮಂಡಿ ನೋವಿದ್ದ ದಿನ ಬೇಳೆ, ಧನಿಯಾ ಅವಳೇ ಹುರಿಯುತ್ತಾಳೆ. ಮೆಂತ್ಯದ ಹೊತ್ತಿಗೆ ಮಾತ್ರ ನಾನು ಎದ್ದು ಒಲೆ ಮುಂದೆ ನಿಲ್ಲುತ್ತೇನೆ.